ಓಬಕ್ಕನ ಹೆಸರಿನ ನಾಬು

ಇದು ನಡೆದದ್ದೇ. ಬೆಳಿಗ್ಗೆ ಉಂಡ ಮುದ್ದೆಯ ಮೇಲಾಣೆ, ಮಾರಿಕಣಿವೆಯ ನೀರಿನ ಮೇಲಾಣೆ. ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ಇನ್ನು ಮೇಲೆ ನನ್ನ ಗಂಟಲಲ್ಲಿ ಸಾರು ಮಾತ್ರ ಇಳಿಯಲಿ, ಮುದ್ದೆ ಅಲ್ಲೇ ನಿಂತುಕೊಳ್ಳಲಿ. ರಾಮಗಿರಿಯ ಬೆಟ್ಟ ಇದೆ, ರೈಲು ಸ್ಟೇಷನ್ನು ಇದೆ, ಆ ಡಬ್ಬಿಯೂ ಇದೆ. ಅನುಮಾನ ಇದ್ದವರು ಹೋಗಿ ಕೇಳಿಕೊಂಡು ಬನ್ನಿ. ಅಲ್ಲಿಯ ತನಕ ನಾನು ಕಾಯುತ್ತೇನೆ. ಅನುಮಾನ ಇಲ್ಲದವರು ಸ್ವಲ್ಪ ಹತ್ತಿರ ಸರಿದು ಕೂತುಕೊಳ್ಳಿ.

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ರಾಮಾಂಜನೇಯ ಅಂತ ಒಬ್ಬ ಮಿಕ್ಸಿ, ಫ್ಯಾನು, ಮೋಟರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಅದು ಹೊಟ್ಟೆಗೆ. ಮನಸ್ಸಿಗೆ ಬೇರೆ ಕೆಲಸ ಇತ್ತು. ಸತ್ತ ಟಿವಿ, ಟೇಪ್ ರೆಕಾರ್ಡರುಗಳ ಹೊಟ್ಟೆಯಿಂದ ಸಾಮಾನು ಕಿತ್ತು ಸ್ವಂತ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಅವನು ಕಟ್ಟಿದ ಡಬ್ಬಿಯ ದನಿ ಎಂಥದ್ದು ಅಂದರೆ, ಒಂದು ಸಲ ಮೊಬೈಲಿನಲ್ಲಿದ್ದ ಮಳೆಯ ಸದ್ದನ್ನು ಅದರೊಳಗೆ ಹಾಯಿಸಿದಾಗ ಎದುರು ಹೋಟೆಲಿನ ಜುಂಜಣ್ಣ ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಬಾಚಿಕೊಂಡು ಒಳಗೆ ಓಡಿದ. ಒಳಗೆ ಹೋಗಿ ತಿರುಗಿ ನೋಡಿದರೆ ಬೀದಿ ತುಂಬ ಬಿಸಿಲು. ಆದರೆ ಅವನ ಅಂಗಿಯ ಬೆನ್ನು ಮಾತ್ರ ತೊಯ್ದಿತ್ತು.

ಒಳಗೆ ಅಂಥ ದನಿ, ಹೊರಗೆ ಮುಖವೇ ಇಲ್ಲ. ಅಡುಗೆ ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ ಪೆಟ್ಟಿಗೆ, ಅದರ ಮೇಲೆ ಅರ್ಧ ಸೂರ್ಯಕಾಂತಿ ಹೂವು ಹಾಗೇ ಉಳಿದಿತ್ತು. ಕಿವಿ ಹಿಂಡಿದ ಹಾಗೆ ತಿರುಗಿಸುವ ಮೂರು ನಾಬುಗಳು. ಸದ್ದು ಏರಿಸುವುದಕ್ಕೆ ಒಂದು, ದಪ್ಪ ದನಿಗೆ ಒಂದು, ಸಣ್ಣ ದನಿಗೆ ಒಂದು. ಯಾವುದು ಯಾವುದು ಅಂತ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ. ವಾರ ಕಳೆಯುವುದರೊಳಗೆ ಡಬ್ಬಿಯ ಮೇಲಿದ್ದ ಅಕ್ಷರವೆಲ್ಲ ಅವನ ಹೆಬ್ಬೆರಳಿಗೆ ಬಂದಿರುತ್ತಿತ್ತು. ಇದರಿಂದ ಅವನಿಗೆ ಒಂದು ದಿನಕ್ಕೂ ಬೇಜಾರಾಗಿರಲಿಲ್ಲ, ಅಕ್ಕ ಬೇಡ ಅನ್ನುವ ತನಕ.

ಅಕ್ಕ ಅಂದರೆ ಓಬಕ್ಕ. ತಾಯಿ ಹೋದ ಮೇಲೆ ರಾಮಾಂಜನೇಯನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯ ಹಿಂದಿನ ದಿನ ಹೆಣ್ಣಿಗೆ ಅರಿಶಿನ ಹಚ್ಚುವಾಗ ಸೋಬಾನೆ ಪದ ಹೇಳುವುದರಲ್ಲಿ ಆ ಸುತ್ತಿಗೆಲ್ಲ ಅವಳದೇ ಹೆಸರು. ಚಿಕ್ಕವನಿದ್ದಾಗ ರಾಮಾಂಜನೇಯ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಸಾಕು, ಮುಚ್ಚಿದ ಕಣ್ಣೊಳಗೆ ಹತ್ತಿಯ ಅರಳೆ ಹಾರಾಡುತ್ತಿತ್ತು. ಯಾವ ಹೊಲದ್ದೋ, ಯಾವ ಗಾಳಿಯದೋ. ಬಿಳಿ ಅರಳೆ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು, ಹಾಡು ನಿಂತ ಕಡೆ ತಾನೂ ನಿಲ್ಲುತ್ತಿತ್ತು. ದೊಡ್ಡವನಾದ ಮೇಲೂ ಅವನಿಗೆ ನಿದ್ದೆ ಅಂದರೆ ಅದೇ ಬಣ್ಣ.

ಈಗ ಓಬಕ್ಕನ ದನಿ ಸಣ್ಣಗಾಗಿತ್ತು. ಮುಂದೆ ಕೂತವರಿಗೆ ಮುಟ್ಟುತ್ತಿತ್ತು, ಹಿಂದೆ ಕೂತವರು ಅವಳ ತುಟಿ ನೋಡಿಕೊಂಡು ಕೂರಬೇಕಿತ್ತು. ಹಿಂದಿನ ವರ್ಷ ಒಂದು ಮದುವೆಯಲ್ಲಿ ಹೊಳಲ್ಕೆರೆಯ ಸೌಂಡ್ ಸರ್ವಿಸ್‌ನ ಲಕ್ಷ್ಮೀಕಾಂತ್ ಅವಳ ಬಾಯಿಗೆ ತನ್ನ ಮೈಕು ಹಿಡಿದ. ಆಳೆತ್ತರದ ಸ್ಪೀಕರುಗಳಿಂದ ಅವಳ ಹಾಡು ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಬಂತು. ಜನ ನಕ್ಕರು. ಓಬಕ್ಕನೂ ಅವರ ಜೊತೆ ನಕ್ಕಳು, ಎದ್ದು ಹೋದಳು, ಆಮೇಲೆ ಹಾಡಲೇ ಇಲ್ಲ.

ಹೀಗಿರುವಾಗ ರಾಮಗಿರಿಯಲ್ಲಿ ಅವರ ಸೋದರಮಾವ ಬೋರಪ್ಪನ ಮಗಳು ಪ್ರೀತಿ ಅನ್ನುವವಳ ಮದುವೆ ನಿಶ್ಚಯವಾಯಿತು. ಓಬಕ್ಕ ಎದೆಯ ಮೇಲೆ ಹಾಕಿಕೊಂಡು ಮಲಗಿಸಿದ ಹುಡುಗಿ ಅದು. ಈ ಹುಡುಗಿಯ ಅರಿಶಿನಕ್ಕೂ ಹಾಡದೇ ಹೋದರೆ ಅಕ್ಕ ಇನ್ನು ಈ ಜನ್ಮದಲ್ಲಿ ಹಾಡುವುದಿಲ್ಲ ಅಂತ ರಾಮಾಂಜನೇಯನಿಗೆ ಖಂಡಿತವಾಗಿ ಗೊತ್ತಿತ್ತು. ತನ್ನ ಡಬ್ಬಿಗಳಲ್ಲೆಲ್ಲ ಮೆತ್ತಗಿದ್ದದ್ದನ್ನು ಆರಿಸಿ, ಬಿಚ್ಚಿ, ಇನ್ನೂ ಮೆತ್ತಗೆ ಮಾಡಿ ಕಟ್ಟಿದ. ಅಕ್ಕನ ಮುಂದೆ ತಂದಿಟ್ಟ. ಅವಳು ಮೈಕಿನ ಹತ್ತಿರ ಬಾಯಿ ತಂದು ಒಂದು ಸಾಲು ಗುನುಗಿದಳು. ದನಿ ಹಾಲು ಉಕ್ಕಿದ ಹಾಗೆ ಮನೆ ತುಂಬಿತು. ಓಬಕ್ಕ ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ಬಿಟ್ಟು ಡಬ್ಬಿಯನ್ನು ನೋಡಿದಳು. ಕೆಲಸ ಕೆಟ್ಟದ್ದು ಅಲ್ಲೇ.

"ದನಿ ಏನೋ ಚೆಂದಾಗೈತೆ ಕಣಪ್ಪ. ಇದರ ಮುಖ ನೋಡು."

"ಮುಖ ಕಟ್ಕಂಡು ಏನ್ ಮಾಡ್ತೀಯಕ್ಕ. ಹಾಡು ಕೇಳ್ಸಿದ್ರೆ ಸಾಲ್ದಾ?"

"ನಾನು ಇದರ ಪಕ್ಕ ಕುಂತ್ಕಂಡ್ರೆ ಮದ್ವೆ ಮನೇಲಿ ಎಣ್ಣೆ ಮಾರಾಕೆ ಬಂದೋಳು ಅಂತಾರೆ. ಒಂದ್ಸಲ ನಗ್ಸಿಕಂಡಿದ್ದು ಸಾಕು. ಆ ಲಕ್ಷ್ಮೀಕಾಂತನ ಪೆನ್ ಡ್ರೈವೇ ಹಾಕ್ಕಳ್ಳಿ ಬಿಡು. ಅದಕ್ಕೆ ಕೆಮ್ಮೂ ಬರಲ್ಲ, ವಯಸ್ಸೂ ಆಗಲ್ಲ."

"ಅಂಗಡೀಲಿ ತಂದಂಗೆ ಮುಖ ಮಾಡಿ ತಂದ್ರೆ ಹಾಡ್ತೀಯಾ?"

ಓಬಕ್ಕ ಕಾಳು ಆರಿಸುವ ಮೊರ ಎಳೆದುಕೊಂಡಳು. "ಅಂಗಡೀಲಿ ತಂದಂಗೇ ಇರ್ಬೇಕು. ಹತ್ರಕ್ಕೆ ಬಂದು ನೋಡಿದ್ರೂ ಅಂಗೇ ಇರ್ಬೇಕು."

ಅವತ್ತಿನಿಂದ ರಾಮಾಂಜನೇಯನ ಅಂಗಡಿಯಲ್ಲಿ ಮಿಕ್ಸಿಗಳು ಸಾಲಾಗಿ ನಿಂತು ಕಾದವು. ಅವನಿಗೆ ಅಕ್ಷರದ ಹುಚ್ಚು ಹಿಡಿಯಿತು.

ಮೊದಲು ಹಿರಿಯೂರಿಗೆ ಹೋದ. ಅಲ್ಲಿ ಹೈವೇ ಪಕ್ಕ ಲಾರಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಅಂಟಿಸುವ ಅಂಗಡಿಯಿದೆ. ಕೆಂಪು ರೇಡಿಯಂನಲ್ಲಿ 'ದನಿ', 'ದಪ್ಪ', 'ಸಣ್ಣ' ಅಂತ ಮೂರು ಮಾತು ಕತ್ತರಿಸಿಕೊಂಡು ಒಂದು ತಗಡಿಗೆ ಅಂಟಿಸಿದ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದರ ಹೊಳಪಿಗೆ ಎದುರಿಗೆ ಬಂದ ಲಾರಿಗಳೆಲ್ಲ ಹಾಡಹಗಲಿನಲ್ಲಿ ಲೈಟು ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಬಸ್ಸು ಹೊತ್ತಿಗೆ ಮುಂಚೆಯೇ ಹೊಸದುರ್ಗ ಮುಟ್ಟಿತು. ಡ್ರೈವರಿಗೆ ಖುಷಿಯೋ ಖುಷಿ. ಓಬಕ್ಕ ಮಾತ್ರ ಕೈ ಅಡ್ಡ ಹಿಡಿದು, "ಲಾರಿ ಹಿಂದೆ ನಿಂತಂಗಾಗ್ತೈತೆ ಕಣೋ, ತಗಂಡು ಹೋಗು" ಅಂದಳು.

ಆಮೇಲೆ ಮೊಬೈಲಿನಲ್ಲಿ ಯಾವನೋ ತೋರಿಸಿದ ಇಸ್ತ್ರಿಪೆಟ್ಟಿಗೆಯ ವಿದ್ಯೆ. ಹೊಳಲ್ಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ನುಣುಪು ಕಾಗದದ ಮೇಲೆ ಅಕ್ಷರ ಹೊಡೆಸಿದ. ಕಾಗದವನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಬೋರಲು ಹಾಕಿ ಬಿಸಿ ಇಸ್ತ್ರಿ ಉಜ್ಜಿದ. ಮಸಿ ಕಾಗದ ಬಿಟ್ಟು ತಗಡಿಗೆ ಬಂತು, ಚೆನ್ನಾಗೇ ಬಂತು, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಅಕ್ಷರವೆಲ್ಲ ತಿರುಗುಮುರುಗು. ಸೋತು ಬಿಸಿ ತಗಡನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಮರೆತು, ಅದಕ್ಕೇ ಒರಗಿ ಕೂತ. ಎದ್ದಾಗ ಅವನ ಬಿಳಿ ಅಂಗಿಯ ಬೆನ್ನ ಮೇಲೆ 'ದಪ್ಪ' ಅಂತ ಸರಿಯಾಗಿ, ಅಚ್ಚುಕಟ್ಟಾಗಿ ಮೂಡಿತ್ತು. ಕಡ್ಡಿಯಂಥ ಮನುಷ್ಯ ಅದನ್ನೇ ಹಾಕಿಕೊಂಡು ಊರು ಸುತ್ತಿದ. ಜುಂಜಣ್ಣ ಹಿಂದಿನಿಂದ ಓದಿ, "ಯಾವಾಗ ದಪ್ಪ ಆದ್ಯೋ?" ಅಂತ ಕೇಳಿದ ಮೇಲೇ ಗೊತ್ತಾದದ್ದು.

ಮೂರನೆಯ ಸಲ ತಾಳ್ಮೆಯಿಂದ ಶುರು ಮಾಡಿದ. ಹೊಸ ತಗಡು ತಂದ. ಗೀರು ಒಂದೇ ದಿಕ್ಕಿಗೆ ಬರುವ ಹಾಗೆ ಉಜ್ಜುಕಾಗದದಿಂದ ಉಜ್ಜಿ ಉಜ್ಜಿ ಅದಕ್ಕೆ ಬೆಳಗಿನ ಕೆರೆಯ ನೀರಿನಂಥ ಮೆತ್ತನೆಯ ಹೊಳಪು ತಂದ. ತೂತು ಎಲ್ಲೆಲ್ಲಿ ಬರಬೇಕು ಅಂತ ಕಾಗದದ ಮೇಲೆ ಗುರುತು ಹಾಕಿದ. ಮುಂದಿನ ಹೊಳಪಿಗೆ ಅಂಟು ಹತ್ತಬಾರದು ಅಂತ ಆ ಕಾಗದವನ್ನು ತಗಡಿನ ಹಿಂಬದಿಗೆ ಅಂಟಿಸಿ ಡ್ರಿಲ್ ಹಿಡಿದ. ಮೊದಲ ತೂತು ಬಿತ್ತು. ತಗಡು ತಿರುಗಿಸಿ ನೋಡಿದ. ಬಲಗಡೆ ಬರಬೇಕಾದ ತೂತು ಎಡಗಡೆ ಬಂದು ಕೂತಿತ್ತು. ಹಿಂದಿನಿಂದ ಕೊರೆದರೆ ಎಡಬಲ ಅದಲುಬದಲಾಗುತ್ತದೆ ಅನ್ನುವುದು ಇಸ್ತ್ರಿಪೆಟ್ಟಿಗೆ ಅಷ್ಟು ಹೇಳಿಕೊಟ್ಟ ಮೇಲೂ ಅವನ ತಲೆಗೆ ಹೊಳೆದಿರಲಿಲ್ಲ. ಬೇಕಾದ ಮೂರನ್ನೂ ಮುಂದಿನಿಂದಲೇ ಸರಿಯಾದ ಜಾಗದಲ್ಲಿ ಕೊರೆದ. ಒಟ್ಟು ನಾಲ್ಕು ತೂತಾದವು, ನಾಬಿನ ಕೆಲಸ ಮೂರೇ. ತಗಡಿಗೆ ಹೊಲಿಗೆ ಹಾಕುವುದಕ್ಕೆ ಬರುವುದಿಲ್ಲ. ಹೆಚ್ಚಾದ ತೂತಿಗೆ ಕೊನೆಗೆ ಸುಮ್ಮನೆ ಒಂದು ನಾಬು ಸಿಕ್ಕಿಸಿದರಾಯಿತು ಅಂದುಕೊಂಡ. ಅದರ ಹಿಂದೆ ತಂತಿಯೂ ಇಲ್ಲ, ಏನೂ ಇಲ್ಲ. ತಿರುಗಿಸಿದರೆ ತಿರುಗುತ್ತದೆ, ಅಷ್ಟೇ.

ಇನ್ನು ಅಕ್ಷರ. ಅದೇ ಯೋಚನೆಯಲ್ಲಿ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದ. ಮುದ್ದೆ ಮುಗಿಸಿ ಸಾರು ಬಳಿಯುವಾಗ ತಟ್ಟೆಯ ಅಂಚಿನಲ್ಲಿ ಬೆರಳಿಗೆ ಏನೋ ತಡೆಯಿತು. ನೋಡಿದರೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು: ಪಾರ್ವತಮ್ಮ, ಸಿರಿಗೆರೆ. ಯಾವ ಕಾಲದ ಮದುವೆಗೆ ಕೊಟ್ಟ ಉಡುಗೊರೆಯೋ. ಎಷ್ಟು ಬೂದಿ, ಎಷ್ಟು ಹುಣಸೆಹಣ್ಣು, ಎಷ್ಟು ತೆಂಗಿನ ನಾರು ಉಜ್ಜಿದರೂ ಪಾರ್ವತಮ್ಮ ಅಲುಗಾಡಿರಲಿಲ್ಲ. ರಾಮಾಂಜನೇಯ ಎಂಜಲು ಕೈಯಲ್ಲೇ ಎದ್ದು ಗೂಡಿನಲ್ಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದ. ಎಲ್ಲದರ ಮೇಲೂ ಯಾರುಯಾರದೋ ಹೆಸರು, ಎಲ್ಲವೂ ಗಟ್ಟಿ.

"ಪಾತ್ರೆ ಲೆಕ್ಕ ಹಾಕಾಕೆ ಬಂದಿದೀಯೋ, ಉಣ್ಣಾಕೆ ಬಂದಿದೀಯೋ?" ಅಂದಳು ಓಬಕ್ಕ.

ಮಾರನೆಯ ದಿನ ಚಿತ್ರದುರ್ಗದ ಸಂತೆಪೇಟೆಯಲ್ಲಿ ಗುಡ್ಡಪ್ಪನ ಪಾತ್ರೆ ಅಂಗಡಿಯ ಮುಂದೆ ನಿಂತಿದ್ದ. ಗುಡ್ಡಪ್ಪ ಪಾತ್ರೆಗೆ ಹೆಸರು ಹಾಕಿದರೆ ಆ ಹೆಸರು ಪಾತ್ರೆಯನ್ನು ಬಿಡುವುದಿಲ್ಲ, ಪಾತ್ರೆ ಆ ಮನೆಯನ್ನು ಬಿಡುವುದಿಲ್ಲ ಅಂತ ಸುತ್ತ ಊರುಗಳಲ್ಲೆಲ್ಲ ಮಾತಿತ್ತು. ಹಿರಿಯೂರಿನ ಕಡೆಯ ಒಬ್ಬ ಹೆಂಗಸಿನ ಕೊಡ ಕಾಲುವೆಗೆ ಬಿದ್ದು ತೇಲಿ ಹೋಗಿತ್ತಂತೆ. ಮೂರು ಹೊಲ ದಾಟಿದ ಮೇಲೆ ಅದಕ್ಕೆ ತನ್ನ ಮೈಮೇಲಿನ ಹೆಸರು ನೆನಪಾಗಿ, ಅಲ್ಲೇ ತಿರುಗಿ, ಹರಿವ ನೀರಿಗೆ ಎದುರಾಗಿ ಈಜಿಕೊಂಡು ಬಂದು ಮೆಟ್ಟಿಲ ಹತ್ತಿರ ಬಗ್ಗಿ ನಿಂತಿತಂತೆ. ಆ ಹೆಂಗಸು ಗದರಿಸಿ ಸೊಂಟಕ್ಕೆ ಎತ್ತಿಕೊಂಡಳಂತೆ.

ಗುಡ್ಡಪ್ಪ ತಗಡನ್ನು ಹಿಂದೆ ಮುಂದೆ ನೋಡಿದ. "ಇದು ತಟ್ಟೆನಾ, ಮುಚ್ಚಳನಾ?"

"ಮುಖ," ಅಂದ ರಾಮಾಂಜನೇಯ.

"ಯಾರ್ದು?"

"ಹಾಡೋ ಡಬ್ಬಿದು. ಇಲ್ಲಿ ದನಿ, ಇಲ್ಲಿ ದಪ್ಪ, ಇಲ್ಲಿ ಸಣ್ಣ ಅಂತ ಹಾಕ್ರಿ. ಈ ನಾಕನೇ ತೂತಿಗೆ ಏನೂ ಬೇಡ. ಅದು ತಪ್ಪಿ ಬಿದ್ದಿದ್ದು."

"ಯಾರಿಗೆ ಕೊಡಾಕೆ ಮಾಡಿರೋದು?"

"ನಮ್ಮಕ್ಕನಿಗೆ. ಓಬಕ್ಕ ಅಂತ. ರಾಮಗಿರೀಲಿ ಮದ್ವೆ ಐತೆ, ಅಲ್ಲಿ ಹಾಡ್ಬೇಕು."

"ಕುಂತ್ಕಳ್ರಿ," ಅಂದ ಗುಡ್ಡಪ್ಪ. ಕೆತ್ತುವ ಮಿಷನ್ನು ಕೈಗೆ ತಗೊಂಡ. ಅದು ಜುಂಯ್ ಅಂತ ಶುರುವಾಯಿತು. ರಾಮಾಂಜನೇಯ ತಪ್ಪಲೆಗಳ ನಡುವೆ ಒರಗಿ ಕೂತ. ಸುತ್ತಲಿನ ಸ್ಟೀಲು ಪಾತ್ರೆಗಳೆಲ್ಲ ಆ ಸದ್ದಿಗೆ ಸಣ್ಣಗೆ ದನಿಗೂಡಿಸಿದವು. ಒಂದೊಂದು ಪಾತ್ರೆಯೊಳಗೂ ಒಂದೊಂದು ಜೇನುಹುಳ ಇದ್ದ ಹಾಗೆ. ಅವನ ಕಣ್ಣು ಎಳೆಯಿತು. ಅರೆಗಣ್ಣಿನಲ್ಲಿ ಸಂತೆಪೇಟೆಯ ಬೀದಿ ಬೆಳ್ಳಗಾಯಿತು, ಕೋಟೆಯ ಬಂಡೆಗಳ ಕಡೆಯಿಂದ ಒಂದು ಅರಳೆ ತೇಲಿ ಬಂತು, ತಗಡಿನ ಮೇಲೆ ಕೂತಿತು. ಅಷ್ಟರಲ್ಲಿ ಗುಡ್ಡಪ್ಪ ಅವನ ಮೊಣಕಾಲು ತಟ್ಟಿ ತಗಡು ಕೈಗೆ ಕೊಟ್ಟ.

ಅಕ್ಷರ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಹಾಗೆ ಸಾಲಾಗಿದ್ದವು. ದನಿ. ದಪ್ಪ. ಸಣ್ಣ. ನಾಲ್ಕನೆಯ ತೂತಿನ ಮೇಲೂ ಕೆತ್ತಿತ್ತು: ಓಬಕ್ಕ. ತೂತಿನ ಸುತ್ತ ಗಡಿಯಾರದ ಹಾಗೆ ಗೆರೆಗಳು ಬೇರೆ.

"ಇದ್ಯಾಕೆ ಹಾಕಿದ್ರಿ?"

"ನೋಡಪ್ಪ, ನಾನು ಹುಟ್ಟಿದಾಗಿಂದ ಮನುಷ್ಯರ ಹೆಸರಿಲ್ದೆ ಒಂದು ಚಮಚಾನೂ ಈ ಅಂಗಡಿಯಿಂದ ಆಚೆ ಕಳ್ಸಿಲ್ಲ. ಹೆಸರಿಲ್ದಿರೋ ಸಾಮಾನು ಮದ್ವೆ ಮನೆಯಿಂದ ವಾಪಸ್ ಬರಲ್ಲ. ಜಾಗ ಖಾಲಿ ಇತ್ತು, ಕೈ ನಿಲ್ಲಲಿಲ್ಲ."

"ಅದರ ಹಿಂದೆ ತಂತಿನೇ ಇಲ್ಲ ಕಣ್ರಿ."

"ತಪ್ಪಲೆ ಹಿಂದೆ ಇರ್ತೈತಾ ತಂತಿ?" ಅಂದು ಗುಡ್ಡಪ್ಪ ಮುಂದಿನ ಗಿರಾಕಿಯ ಕೊಳಗ ಎತ್ತಿಕೊಂಡ.

ಅಳಿಸುವ ಹಾಗಿಲ್ಲ, ಹೊಸದು ಮಾಡಲು ಹೊತ್ತಿಲ್ಲ. ರಾಮಾಂಜನೇಯ ಮನೆಗೆ ಬಂದು ಕೆತ್ತಿದ ಅಕ್ಷರಗಳ ಮೇಲೆಲ್ಲ ಕಪ್ಪು ಪೇಂಟು ಬಳಿದ. ತಗಡು ಪೂರ್ತಿ ಕಪ್ಪಾಯಿತು. ಪೇಂಟು ಆರುವ ಮೊದಲು ಬಟ್ಟೆ ಬಿಗಿಯಾಗಿ ಸುತ್ತಿದ ಮರದ ತುಂಡಿನಿಂದ ಮೆಲ್ಲಗೆ ಒರೆಸಿದ. ಮೇಲಿನ ಕಪ್ಪು ಬಟ್ಟೆಗೆ ಬಂತು, ಗುಳಿಯೊಳಗಿನ ಕಪ್ಪು ಅಲ್ಲೇ ಉಳಿಯಿತು. ಮಂಜು ಸರಿದು ಬೆಟ್ಟ ಕಾಣುವ ಹಾಗೆ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅದರ ಮೇಲೆ ತಿಳಿ ವಾರ್ನಿಷ್ ಒಂದು ಪದರ. ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. ತಾನು ಮಾಡಿದ್ದು ಅಂತ ತನಗೇ ನಂಬಿಕೆ ಬರಲಿಲ್ಲ. ಆದರೆ ಕೆಲಸವಿಲ್ಲದ ನಾಬಿನ ಮೇಲೆ ತನ್ನ ಹೆಸರು ಕಂಡರೆ ಅಕ್ಕ ಏನಂದುಕೊಳ್ಳುತ್ತಾಳೋ ಅನ್ನುವ ಒಂದು ಮುಳ್ಳು ಒಳಗೇ ಚುಚ್ಚುತ್ತಿತ್ತು. ತಗಡನ್ನು ಡಬ್ಬಿಯ ಮುಂದೆ ಕೂರಿಸಿ, ನಾಲ್ಕೂ ನಾಬು ಸಿಕ್ಕಿಸಿ, ಅವಳಿಗೆ ತೋರಿಸದೆ ಟವೆಲ್ಲಿನಲ್ಲಿ ಸುತ್ತಿ ರಾಮಗಿರಿಗೆ ತಗೊಂಡು ಹೋದ.

ಬೋರಪ್ಪನ ಮನೆಯ ಮುಂದೆ ಚಪ್ಪರ. ಹೊತ್ತು ಬೆಟ್ಟದ ಹಿಂದೆ ಇಳಿಯುತ್ತಿತ್ತು, ಗಾಳಿಗೆ ಚಪ್ಪರದ ಗರಿಯೆಲ್ಲ ಸರಸರ ಅನ್ನುತ್ತಿತ್ತು. ಒಂದು ಕಡೆ ಲಕ್ಷ್ಮೀಕಾಂತನ ಸ್ಪೀಕರುಗಳು. ಇನ್ನೊಂದು ಕಡೆ ಮಣೆಯ ಮೇಲೆ ಪ್ರೀತಿ, ಕೆನ್ನೆ ತುಂಬ ಅರಿಶಿನ. ಓಬಕ್ಕ ಹೆಂಗಸರ ಹಿಂದೆ ಕಂಬಕ್ಕೆ ಒರಗಿ, ಯಾರೂ ಹಾಡು ಅನ್ನದಿರಲಿ ಅನ್ನುವ ಹಾಗೆ ಎಲೆ ಅಡಿಕೆ ಜಗಿಯುತ್ತಿದ್ದಳು. ರಾಮಾಂಜನೇಯ ಡಬ್ಬಿಯನ್ನು ಅವಳ ಮುಂದೆ ಇಟ್ಟು ಟವೆಲ್ ತೆಗೆದ.

ಲಕ್ಷ್ಮೀಕಾಂತ್ ಅಲ್ಲಿಂದಲೇ ಕತ್ತು ಉದ್ದ ಮಾಡಿದ. ಎದ್ದು ಹತ್ತಿರ ಬಂದ. ಬಗ್ಗಿ ನೋಡಿದ. "ಯಾವ ಕಂಪನೀದ್ರೀ ಇದು? ಓಬಕ್ಕ ಅಂತ ಹೊಸ ಕಂಪನಿ ಬಂದೈತಾ?"

ಓಬಕ್ಕನ ಜಗಿಯುವ ಬಾಯಿ ನಿಂತಿತು. ಡಬ್ಬಿಯನ್ನು ಎಳೆದುಕೊಂಡಳು. ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದಳು. ತನ್ನ ಹೆಸರಿನ ಹತ್ತಿರ ಬೆರಳು ಬಹಳ ಹೊತ್ತು ಅಲ್ಲೇ ಉಳಿಯಿತು.

"ಇದು ನನ್ ಹೆಸ್ರಲ್ವೇನೋ."

"ಹೂಂ ಅಕ್ಕ."

"ಎಷ್ಟ್ ಮದ್ವೆ ಮನೇಲಿ ಎಷ್ಟ್ ಪಾತ್ರೆ ತೊಳ್ದಿದೀನಿ. ಎಲ್ಲಾದ್ರ ಮೇಲೂ ಕೊಟ್ಟೋರ ಹೆಸ್ರು ಇರ್ತಿತ್ತು. ನಾನು ಕೊಟ್ಟಿದ್ದು ಹಾಡು. ಹಾಡಿನ ಮೇಲೆ ಹೆಸ್ರು ಎಲ್ಲಿ ಕೆತ್ತಾರು ಅಂದ್ಕತಿದ್ದೆ." ನಾಬಿನ ಮೇಲೆ ಬೆರಳಿಟ್ಟು, "ಇದನ್ನ ತಿರುವಿದ್ರೆ ಏನಾಗ್ತೈತೆ?" ಅಂತ ಕೇಳಿದಳು.

ಏನೂ ಆಗಲ್ಲ ಅನ್ನುವ ಮಾತು ರಾಮಾಂಜನೇಯನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಮುಖ ನೋಡಿ ಅದನ್ನು ನುಂಗಿದ. "ತಿರುವಿ ನೋಡು," ಅಂದ.

ಓಬಕ್ಕ ಎಲೆ ಅಡಿಕೆ ಉಗಿದು, ಬಾಯಿ ತೊಳೆದು ಬಂದು, ಸೆರಗು ಹೊದ್ದು ಕೂತಳು. ತನ್ನ ಹೆಸರಿನ ನಾಬನ್ನು ಒಂದು ಗೆರೆಯಷ್ಟು ತಿರುವಿದಳು. ಹಾಡು ಎತ್ತಿಕೊಂಡಳು.

ಮೊದಲನೆಯ ಗೆರೆಗೆ ಅವಳ ಕೆಮ್ಮು ಹೋಯಿತು. ಎರಡನೆಯ ಗೆರೆಗೆ ಚಪ್ಪರದ ಗರಿಗಳು ಸರಸರ ಅನ್ನುವುದನ್ನು ಬಿಟ್ಟವು. ಇನ್ನೊಂದು ಗೆರೆಗೆ ಬೆಟ್ಟದ ಸಾಲಿನ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳು, ಮಗು ಮಲಗಿಸುವವರು ತೊಟ್ಟಿಲಿನ ಹಗ್ಗ ಸಡಿಲ ಬಿಟ್ಟ ಹಾಗೆ, ನಿಧಾನವಾದವು. ದನಿ ಜೋರಾಗಲಿಲ್ಲ. ಹತ್ತಿರವಾಯಿತು. ಎಲ್ಲರ ಹತ್ತಿರ. ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲುಗಾಡಿಯೊಂದು ಸದ್ದಿಲ್ಲದೆ ಬಂದು ನಿಂತಿತು. ಕಿಟಕಿಗಳಲ್ಲಿ ಜನ ಕೆನ್ನೆಗೆ ಕೈಕೊಟ್ಟು ಕೂತಿದ್ದರು, ಯಾರೂ ಯಾವ ಊರು ಅಂತ ಕೇಳಲಿಲ್ಲ. ಓಬಕ್ಕ ತಿರುವುತ್ತ ಹೋದಂತೆ ಅವಳ ದನಿಯ ವಯಸ್ಸು ಇಳಿಯುತ್ತ ಹೋಯಿತು. ಮಕ್ಕಳ ತಾಯಿಯ ದನಿ, ಹೊಸ ಮದುವಣಗಿತ್ತಿಯ ದನಿ, ಕುರಿ ಹಿಂದೆ ಹೋಗುವ ಹುಡುಗಿಯ ದನಿ. ಆಗ ಬೆಟ್ಟದ ಮೇಲಿನಿಂದ ಬಿಳಿ ಅರಳೆ ಇಳಿಯತೊಡಗಿತು. ರಾಮಗಿರಿಯಲ್ಲಿ ಆ ವರ್ಷ ಒಬ್ಬರೂ ಹತ್ತಿ ಹಾಕಿರಲಿಲ್ಲ. ಅರಳೆ ಪ್ರೀತಿಯ ಅರಿಶಿನದ ಕೆನ್ನೆಗೆ ಅಂಟಿತು, ಬೋರಪ್ಪನ ಮೀಸೆಗೆ ಅಂಟಿತು. ರಾಮಾಂಜನೇಯ ಮಾತ್ರ ಅದನ್ನು ನೋಡಿ ಬೆರಗಾಗಲಿಲ್ಲ. ಅವನು ಅಕ್ಕನ ಪಕ್ಕ ಜಮಖಾನೆಯ ಮೇಲೆ ತಲೆಯಿಟ್ಟು, ಮೊಣಕಾಲು ಎದೆಗೆ ಎಳೆದುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದ.

ಕೊನೆಯ ಒಂದು ಗೆರೆ ಉಳಿದಿತ್ತು. ಓಬಕ್ಕ ಅಲ್ಲಿಗೆ ಕೈ ತೆಗೆದಳು. "ಇದಿರ್ಲಿ. ಪ್ರೀತಿಗೆ ಹುಟ್ಟೋ ಮಗಳ ಮದ್ವೆಗೆ ಬೇಕಾಗ್ತೈತೆ," ಅಂದಳು. ಗಾಡಿ ಕೂಗು ಹಾಕಿ ಹೊರಟಿತು, ಗರಿಗಳು ಮತ್ತೆ ಸರಸರ ಅಂದವು.

ಲಕ್ಷ್ಮೀಕಾಂತ್ ತನ್ನ ಪೆನ್ ಡ್ರೈವು ಜೇಬಿಗೆ ಹಾಕಿಕೊಂಡು ಸ್ಕ್ರೂಡ್ರೈವರ್ ತಂದ. ಡಬ್ಬಿಯ ಹಿಂದಿನ ಮುಚ್ಚಳ ಬಿಚ್ಚಿ ನೋಡಿದ. ಮೂರು ನಾಬುಗಳಿಗೆ ತಂತಿ ಇತ್ತು. ನಾಲ್ಕನೆಯದರ ಹಿಂದೆ ಖಾಲಿ. ನಿದ್ದೆಯಿಂದ ಎದ್ದು ಕೂತಿದ್ದ ರಾಮಾಂಜನೇಯನ ಮುಖ ನೋಡಿದ, ಓಬಕ್ಕನ ಮುಖ ನೋಡಿದ, ಮುಚ್ಚಳ ಹಾಕಿ ಸ್ಕ್ರೂ ಬಿಗಿದ. "ಒಳ್ಳೆ ಕಂಪನಿ," ಅಂದ.

ಈಗ ಓಬಕ್ಕ ಹಾಡದ ಅರಿಶಿನವಿಲ್ಲ. ಮದುವೆ ಮುಗಿದ ದಿನ ಊಟದ ಗಲಾಟೆಯಲ್ಲಿ ಡಬ್ಬಿಯನ್ನು ಬೋರಪ್ಪನ ಮನೆಯಲ್ಲೇ ಮರೆತು ಬಂದಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಹೊಸದುರ್ಗದಲ್ಲಿ ಓಬಕ್ಕನ ಜಗುಲಿಯ ಮೇಲೆ, ಮುಖ ಬೀದಿಯ ಕಡೆ ಮಾಡಿಕೊಂಡು, ಸ್ವಲ್ಪ ಧೂಳು ಮೆತ್ತಿಕೊಂಡು ಕೂತಿತ್ತು. ಗುಡ್ಡಪ್ಪ ಹಾಕಿದ ಹೆಸರು ಅಂದರೆ ಹಾಗೆ. ಸಾಮಾನು ಮನೆಗೆ ಬಂದೇ ಬರುತ್ತದೆ, ಯಾರಾದರೂ ಕಟ್ಟಿ ಹಾಕಿದರೆ ಮಾತ್ರ ಇಲ್ಲ.

ನಿಮ್ಮ ಮಗಳ ನಾಮಕರಣಕ್ಕೆ ನಮ್ಮ ಮನೆಯಿಂದ ನೀವು ಎರವಲು ಒಯ್ದ ಸ್ಟೀಲಿನ ದೊಡ್ಡ ಬೇಸಿನ್ ಇದೆಯಲ್ಲ, ಅದಕ್ಕೂ ಗುಡ್ಡಪ್ಪನೇ ಹೆಸರು ಹಾಕಿದ್ದು. ನನ್ನದೇ ಹೆಸರು. ಇಷ್ಟು ದಿನವಾದರೂ ಬಂದಿಲ್ಲ. ಹೋಗಿ ಅದರ ಕಟ್ಟು ಬಿಚ್ಚಿ. ಬರುವಾಗ ಅದು ಖಾಲಿ ಬರಬಾರದು, ತಳದಲ್ಲಿ ಹೋಳಿಗೆ ಇರಲಿ, ಹೋಳಿಗೆಯ ಮೇಲೆ ತುಪ್ಪ ಇರಲಿ.